ತಾರಿನಿಂದ ಜೋಡಿ ತಂತಿಯವರೆಗೆ

ಹಳೆಯ ವಾಲ್ವ್ ರೇಡಿಯೋ ಮನೆಯಲ್ಲಿದ್ದ ಕಾಲವನ್ನು ಬಲ್ಲವರಿಗೆ ಅದರ ಬೆನ್ನಿನಿಂದ ಹೊರಟ ಎರಡು ತಂತಿಗಳ ನೆನಪಿರಬಹುದು. ಒಂದು ಮಾಳಿಗೆಯ ಮೇಲಿನ ಏರಿಯಲ್ಲಿಗೆ ಹೋಗುತ್ತಿತ್ತು. ಇನ್ನೊಂದು ಹಿತ್ತಿಲ ಮಣ್ಣಿನಲ್ಲಿ ಹುಗಿದ ಕಬ್ಬಿಣದ ಸಲಾಕೆಗೆ. ಬೇಸಿಗೆಯಲ್ಲಿ ಆ ಸಲಾಕೆಯ ಬುಡಕ್ಕೆ ಒಂದು ತಂಬಿಗೆ ನೀರು ಹೊಯ್ದರೆ ದನಿ ಸುಧಾರಿಸುತ್ತಿದ್ದುದೂ ಉಂಟು. ನೆಲವನ್ನೇ ಒಂದು ತಂತಿಯನ್ನಾಗಿ ದುಡಿಸಿಕೊಳ್ಳುವ ಈ ಉಪಾಯ ರೇಡಿಯೋಕ್ಕಿಂತ ಬಹಳ ಹಳೆಯದು. ಇಂದು ಕಾರ್ಖಾನೆಗಳಲ್ಲಿ ಒಂದು ನಿಯಂತ್ರಕ ಯಂತ್ರ ಇನ್ನೊಂದರೊಡನೆ ಮಾತನಾಡಲೆಂದು ನಡುವೆ ಕೂರಿಸುವ ಅಂಗೈಯಗಲದ ಡಬ್ಬಿಯ, ಅಂದರೆ ಕನ್ವರ್ಟರಿನ, ಚರಿತ್ರೆಯೂ ಅಲ್ಲಿಂದಲೇ ಮೊದಲಾಗುತ್ತದೆ.

ತಾರು ಕಳುಹಿಸಲು ಎರಡು ತಂತಿ ಬೇಕಿಲ್ಲ, ಒಂದು ಸಾಕು, ಮರಳಿ ಬರುವ ದಾರಿಯನ್ನು ಭೂಮಿಯೇ ಒದಗಿಸುತ್ತದೆ ಎಂದು ಜರ್ಮನಿಯ ಸ್ಟೈನ್‌ಹೈಲ್ ೧೮೩೮ರಲ್ಲಿ ತೋರಿಸಿಕೊಟ್ಟನು. ಮರುವರ್ಷವೇ ಕಲಕತ್ತೆಯಲ್ಲಿ ಓಶಾನೆಸ್ಸಿ ಎಂಬ ವೈದ್ಯನು ಬಿದಿರಿನ ಕಂಬಗಳ ಮೇಲೆ ಮೈಲಿಗಟ್ಟಲೆ ತಂತಿ ಎಳೆದು ಪ್ರಯೋಗ ನಡೆಸಿದನು. ೧೮೫೦ರ ದಶಕದಲ್ಲಿ ಈ ವೈದ್ಯನ ಮೇಲ್ವಿಚಾರಣೆಯಲ್ಲೇ ತಾರಿನ ಕಂಬಗಳು ಮುಂಬಯಿ, ಮದರಾಸುಗಳನ್ನು ಮುಟ್ಟಿದವು. ಅರ್ಧ ತಂತಿಯ ಖರ್ಚು ಉಳಿಯಿತೆಂದರೆ ಅಷ್ಟು ದೊಡ್ಡ ದೇಶದಲ್ಲಿ ಅದೇನು ಸಣ್ಣ ಲಾಭವೇ? ಊರಿಂದೂರಿಗೆ ಹುಟ್ಟು ಸಾವುಗಳ ಸುದ್ದಿ ತಂದ ಆ ತಾರಿನ ಸೇವೆ ೨೦೧೩ರ ಜುಲೈಯಲ್ಲಿ ನಿಂತಿತು.

ಆದರೆ ಭೂಮಿ ಅಷ್ಟು ನಂಬತಕ್ಕ ತಂತಿಯಲ್ಲ. ನಮ್ಮ ಜಿಲ್ಲೆಯನ್ನೇ ನೋಡಿರಿ. ಬೀದರ ನಗರ ಕುಳಿತಿರುವುದು ಕೆಂಪು ಜಂಬಿಟ್ಟಿಗೆಯ ದಿಣ್ಣೆಯ ಮೇಲೆ. ಮಾಂಜ್ರಾ ನದಿಯತ್ತ ಇಳಿದು ಭಾಲ್ಕಿ, ಔರಾದಗಳ ಕಡೆಗೆ ನಡೆದರೆ ಕಾಲಿಗೆ ಹತ್ತುವುದು ಎರೆಮಣ್ಣು. ನೀರು ಹಿಡಿದಿಟ್ಟುಕೊಳ್ಳುವ ಎರೆಯಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ, ಒಣಗಿದ ಜಂಬಿಟ್ಟಿಗೆಯಲ್ಲಿ ತಡವರಿಸುತ್ತದೆ. ಎರಡು ಕಡೆಯ ‘ಸೊನ್ನೆ’ ಒಂದೇ ಆಗಿರುವುದಿಲ್ಲ. ಹತ್ತಿರದಲ್ಲಿ ಭಾರಿ ಮೋಟಾರು ಹೊರಟರೆ, ಸಿಡಿಲು ಬಡಿದರೆ, ಒಂದು ಕಡೆಯ ನೆಲದ ಮಟ್ಟ ಇನ್ನೊಂದಕ್ಕಿಂತ ಥಟ್ಟನೆ ಮೇಲೇರುತ್ತದೆ. ತಾರಿನ ಕಟ್ಟ-ಕಡ ದನಿ ಇದನ್ನು ಹೇಗೋ ಸಹಿಸಿತು. ಟೆಲಿಫೋನು ಬಂದಾಗ ಸಹಿಸಲಾಗಲಿಲ್ಲ. ೧೮೮೦ರ ದಶಕದಲ್ಲಿ ಪಟ್ಟಣಗಳಿಗೆ ವಿದ್ಯುದ್ದೀಪ, ಟ್ರಾಮುಗಳು ಬಂದ ಮೇಲಂತೂ ಮಾತಿಗಿಂತ ಗರಗರ ಸದ್ದೇ ಹೆಚ್ಚಾಯಿತು.

ಪರಿಹಾರವನ್ನು ಟೆಲಿಫೋನಿನ ಗ್ರಹಾಂ ಬೆಲ್ಲನೇ ೧೮೮೧ರಲ್ಲಿ ಪೇಟೆಂಟು ಮಾಡಿಸಿದ್ದನು. ನೆಲವನ್ನು ಬಿಟ್ಟುಬಿಡಿ, ಎರಡು ತಂತಿ ಹಾಕಿ, ಅವನ್ನು ಹೆಣೆದ ಹುರಿಯಂತೆ ಒಂದಕ್ಕೊಂದು ಸುತ್ತಿರಿ. ಅಡತಿ ಅಂಗಡಿಯ ತಕ್ಕಡಿಯನ್ನು ನೆನೆಯಿರಿ. ಎರಡೂ ತಟ್ಟೆಗಳ ಮೇಲೆ ಸಮಸಮವಾಗಿ ಧೂಳು ಬಿದ್ದರೆ ಮುಳ್ಳು ಅಲುಗುವುದಿಲ್ಲ. ಸುತ್ತಿದ ಜೋಡಿಯಲ್ಲಿ ಹೊರಗಿನ ಸದ್ದು ಎರಡಕ್ಕೂ ಸಮನಾಗಿ ತಗಲುತ್ತದೆ. ಕೇಳುವ ಯಂತ್ರವು ಎರಡರ ನಡುವಣ ವ್ಯತ್ಯಾಸವನ್ನಷ್ಟೇ ನೋಡುವುದರಿಂದ ಸದ್ದು ಅಳಿದು ಮಾತು ಉಳಿಯುತ್ತದೆ.

ಇನ್ನು ಮಾತಿನ ವಿಷಯ. ಫ್ರಾನ್ಸಿನ ತಾರಿನ ಇಲಾಖೆಯ ನೌಕರ ಎಮಿಲ್ ಬೋಡೋ ೧೮೭೦ರ ದಶಕದಲ್ಲಿ ಪ್ರತಿ ಅಕ್ಷರಕ್ಕೂ ಐದೈದು ಸಂಜ್ಞೆಗಳನ್ನು ಗೊತ್ತುಮಾಡಿ, ಒಂದರ ಹಿಂದೊಂದರಂತೆ ತಂತಿಯ ಮೇಲೆ ಕಳುಹಿಸಿದನು. ಆಮೇಲೆ ಟೆಲಿಪ್ರಿಂಟರು ಬಂದಾಗ, ಅಕ್ಷರದ ಮುಂದೆ ‘ಆರಂಭ’, ಹಿಂದೆ ‘ವಿರಾಮ’ ಎಂಬ ಗುರುತುಗಳು ಸೇರಿದವು. ಇಂದಿನ ಸೀರಿಯಲ್ ಸಂಪರ್ಕವೆಂದರೆ ಇದೇ. ಯಂತ್ರದ ವೇಗವನ್ನು ೯೬೦೦ ಬಾಡ್ ಎಂದು ಹೊಂದಿಸುವ ತರುಣರು ತಿಳಿಯದೆಯೇ ಆ ನೌಕರನ ಹೆಸರು ಹೇಳುತ್ತಿರುತ್ತಾರೆ.

ವಿಚಿತ್ರವೆಂದರೆ, ಇಷ್ಟೆಲ್ಲ ತಿಳಿದ ಮೇಲೂ ಲೋಕ ಮತ್ತೆ ನೆಲದ ದಾರಿಗೇ ಮರಳಿತು. ಅಮೆರಿಕದ ಎಲೆಕ್ಟ್ರಾನಿಕ್ ಉದ್ಯಮಗಳ ಸಂಘವು ೧೯೬೦ರಲ್ಲಿ ಹೊರಡಿಸಿದ ಆರ್‌ಎಸ್-೨೩೨ ಎಂಬ ಕಟ್ಟಳೆಯಲ್ಲಿ ಕಳಿಸಲು ಒಂದು ತಂತಿ, ಕೇಳಲು ಒಂದು, ಎರಡಕ್ಕೂ ಸೇರಿ ಒಂದೇ ಸಮಾನ ಸೊನ್ನೆ. ಮೇಜಿನ ಮೇಲಿನ ಎರಡು ಯಂತ್ರಗಳಿಗೆ ಅದು ಧಾರಾಳವಾಗಿ ಸಾಕು. ಸುಮಾರು ೧೫ ಮೀಟರು ದಾಟಿದರೆ ನೆಚ್ಚುವಂತಿಲ್ಲ. ೧೯೬೯ರಲ್ಲಿ ಮಾಡಿಕಾನ್ ಕಂಪನಿಯ ನಿಯಂತ್ರಕವು ಕಾರ್ಖಾನೆಗೆ ಕಾಲಿಟ್ಟಿತು; ೧೯೭೯ರಲ್ಲಿ ಅದೇ ಕಂಪನಿ ಯಂತ್ರಗಳಿಗೆ ಮಾಡ್‌ಬಸ್ ಎಂಬ ನುಡಿಯನ್ನು ಕಲಿಸಿತು. ಒಬ್ಬ ಯಜಮಾನ ಹೆಸರು ಹಿಡಿದು ಕೇಳಬೇಕು, ಕರೆಸಿಕೊಂಡವನು ಮಾತ್ರ ಉತ್ತರಿಸಬೇಕು, ಉಳಿದವರು ಸುಮ್ಮನಿರಬೇಕು. ೧೯೮೩ರಲ್ಲಿ ಆರ್‌ಎಸ್-೪೮೫ ಬಂದಿತು. ಬೆಲ್ಲನ ಜೋಡಿ ತಂತಿಯೇ ಮತ್ತೆ ಬಂದಂತಾಯಿತು: ವೇಗ ಕಡಿಮೆಯಿದ್ದರೆ ೧೨೦೦ ಮೀಟರಿನವರೆಗೆ ಮಾತು, ಒಂದೇ ಜೋಡಿಯ ಮೇಲೆ ೩೨ ಯಂತ್ರಗಳು.

ಹಳೆಯ ನಿಯಂತ್ರಕಕ್ಕೆ ಗೊತ್ತಿರುವುದು ನೆಲದ ಲೆಕ್ಕ, ಹೊಸದಕ್ಕೆ ಜೋಡಿಯ ಲೆಕ್ಕ. ಇವೆರಡರ ನಡುವೆ ಕೂರುವುದೇ ಕನ್ವರ್ಟರು. ಅದನ್ನು ದುಭಾಷಿಯೆಂದು ಕರೆಯುವವರುಂಟು, ನನಗದು ಒಪ್ಪಿಗೆಯಿಲ್ಲ. ದುಭಾಷಿಯೆಂದರೆ ಏನೆಂದು ಔರಾದದ ಸಂತೆಗೆ ಹೋದವರಿಗೆ ಗೊತ್ತು: ಮರಾಠಿಯಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಹೇಳಿ, ಚೌಕಾಸಿಯನ್ನು ಉರ್ದುವಿನಲ್ಲಿ ಮುಗಿಸುವ ಮನುಷ್ಯ. ಈ ಡಬ್ಬಿ ಹಾಗಲ್ಲ. ಅದು ದನಿಯನ್ನಷ್ಟೇ ಬದಲಿಸುತ್ತದೆ, ನುಡಿಯನ್ನಲ್ಲ. ಒಂದು ಯಂತ್ರ ಮಾಡ್‌ಬಸ್ ಆಡಿ, ಇನ್ನೊಂದಕ್ಕೆ ಅದು ಬಾರದಿದ್ದರೆ ಕನ್ವರ್ಟರಿನಿಂದ ಏನೂ ಆಗದು.

ಭಾಲ್ಕಿ ತಾಲ್ಲೂಕಿನ ಹುಣಜಿಯಲ್ಲಿ, ಬೀದರ ಹತ್ತಿರದ ಇಮಾಮಪುರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಗಳನ್ನು ಕಟ್ಟಿದ್ದಾರೆ. ಸಕ್ಕರೆ ಕಾರ್ಖಾನೆಯೆಂದರೆ ತೂಕದ ಸೇತುವೆ ಒಂದು ಕೊನೆಗೆ, ಗಾಣಗಳು ಇನ್ನೊಂದು ಕೊನೆಗೆ, ಬಾಯ್ಲರು ಮತ್ತೊಂದೆಡೆ. ನಡುವೆ ನೂರಾರು ಮೀಟರು, ದೊಡ್ಡ ಮೋಟಾರುಗಳು. ಕಡಿದ ಕಬ್ಬು ಗಾಣಕ್ಕಾಗಿ ಕಾಯುವುದಿಲ್ಲ; ಗಂಟೆ ಗಂಟೆಗೂ ಅದರ ಸಕ್ಕರೆಯ ಅಂಶ ಇಳಿಯುತ್ತದೆ. ತಂತಿಯ ಮಾತು ಕೆಟ್ಟು ಗಾಣ ನಿಂತರೆ ಬಾಗಿಲ ಹೊರಗೆ ಸಾಲುಗಟ್ಟಿದ ಟ್ರ್ಯಾಕ್ಟರುಗಳಲ್ಲಿ ರೈತನ ದುಡಿಮೆ ಒಣಗುತ್ತದೆ.

ಆದ್ದರಿಂದ ಜೋಡಣೆ ಮಾಡುವವನು ಕೆಲವು ಸಂಗತಿಗಳನ್ನು ಬಿಡುವಂತಿಲ್ಲ. ಕನ್ವರ್ಟರಿನಿಂದ ಹೊರಟ ಜೋಡಿ ಯಂತ್ರದಿಂದ ಯಂತ್ರಕ್ಕೆ ಹಾರದಂತೆ ಒಂದೇ ಎಳೆಯಾಗಿ ಸಾಗಬೇಕು, ಜಾಲಿಯ ಕೊಂಬೆಯಂತೆ ಕವಲೊಡೆಯಬಾರದು. ಎರಡೂ ತುದಿಗಳಲ್ಲಿ ೧೨೦ ಓಮಿನ ರೋಧಕವಿರಬೇಕು. ಇಲ್ಲವಾದರೆ ತಂತಿಯ ಕೊನೆಗೆ ಹೋದ ಸಂಜ್ಞೆ ಗೋಳಗುಮ್ಮಟದ ಪಿಸುಮಾತಿನಂತೆ ತಿರುಗಿ ಬರುತ್ತದೆ. ಮೇಲಿನ ಲೋಹದ ಹೊದಿಕೆಯನ್ನು ಒಂದೇ ಕೊನೆಯಲ್ಲಿ ನೆಲಕ್ಕೆ ಕೂಡಿಸುವುದು ರೂಢಿ. ಎರಡು ಕಟ್ಟಡಗಳ ನಡುವೆ ತಂತಿ ಹಾಯುವುದಾದರೆ, ಒಳಗೆ ಬೆಳಕಿನ ಮೂಲಕ ಸಂಜ್ಞೆ ದಾಟಿಸಿ ಎರಡು ಬದಿಯ ವಿದ್ಯುತ್ತನ್ನು ಬೇರೆಯಿಡುವ ಕನ್ವರ್ಟರನ್ನೇ ಕೊಳ್ಳಬೇಕು. ನಮ್ಮ ಕಡೆಯ ಮುಂಗಾರಿನ ಸಿಡಿಲನ್ನು ಕಂಡವರು ಇಲ್ಲಿ ನಾಲ್ಕು ಕಾಸು ಉಳಿಸಲು ಹೋಗುವುದಿಲ್ಲ.

ಇನ್ನೊಂದು ತೊಡಕು ಯಾವ ವಿಜ್ಞಾನದಿಂದಲೂ ಹುಟ್ಟಿದ್ದಲ್ಲ. ಜೋಡಿಯ ಎರಡು ತಂತಿಗಳಿಗೆ ‘ಎ’ ಮತ್ತು ‘ಬಿ’ ಎಂದು ಹೆಸರು. ಕಟ್ಟಳೆಯ ಪುಸ್ತಕ ಯಾವುದನ್ನು ‘ಎ’ ಎನ್ನುತ್ತದೆಯೋ, ಚಿಪ್ಪು ತಯಾರಿಸುವವರಲ್ಲಿ ಅನೇಕರು ಅದನ್ನೇ ‘ಬಿ’ ಎನ್ನುತ್ತಾರೆ. ಎರಡು ಕಂಪನಿಗಳ ಯಂತ್ರಗಳನ್ನು ‘ಎ’ಗೆ ‘ಎ’, ‘ಬಿ’ಗೆ ‘ಬಿ’ ಎಂದು ಶಿಸ್ತಾಗಿ ಕೂಡಿಸಿದಾಗ ಎರಡೂ ಮೂಕವಾಗಿ ನಿಲ್ಲುವುದು ಇದರಿಂದಲೇ. ಸುಡುವುದೇನೂ ಇಲ್ಲ, ತಂತಿಗಳನ್ನು ಅದಲು ಬದಲು ಮಾಡಿದರೆ ಸಾಕು. ಅನುಭವಸ್ಥರು ಆಮೇಲೆ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಯಾವ ಬಣ್ಣದ ತಂತಿ ಯಾವ ತಿರುಪಿಗೆ ಎಂದು ಬರೆದಿಡುತ್ತಾರೆ, ಮುಂದಿನ ಹಂಗಾಮಿಗೆ ಬರುವವನಿಗಾಗಿ.