ಅರಮನೆಯ ಪೀಠದಿಂದ ಕ್ರಿಸ್ತನ ಅರಸುತನ: 1717ರ ಬ್ಯಾಂಗರ್ ವಿವಾದ

1717ನೆಯ ಮಾರ್ಚ್ 31ರಂದು, ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆಯ ದೇವಾಲಯದಲ್ಲಿ, ದೊರೆ ಒಂದನೆಯ ಜಾರ್ಜನ ಸಮ್ಮುಖದಲ್ಲಿ ಬ್ಯಾಂಗರಿನ ಬಿಷಪ್ ಬೆಂಜಮಿನ್ ಹೋಡ್ಲಿಯವರು ಪ್ರಸಂಗ ಮಾಡಿದರು. ಆಧಾರವಾಕ್ಯ ಯೋಹಾನ 18:36. ಯೇಸು ಪಿಲಾತನ ಮುಂದೆ ತನ್ನ ಅರಸುತನವು ಈ ಲೋಕಕ್ಕೆ ಸೇರಿದುದಲ್ಲವೆಂದು ಸಾರಿದ ವಚನ. ಕ್ರಿಸ್ತನೊಬ್ಬನೇ ಸಭೆಯ ಶಾಸನಕರ್ತನೂ ನ್ಯಾಯಾಧಿಪತಿಯೂ ಆಗಿದ್ದಾನೆ, ಮನಸ್ಸಾಕ್ಷಿಯ ಮೇಲೆ ತೀರ್ಪು ನೀಡುವ ಅಧಿಕಾರವನ್ನು ಆತನು ಯಾವ ಮನುಷ್ಯನಿಗೂ ಒಪ್ಪಿಸಿಲ್ಲ ಎಂಬುದು ಅದರ ಸಾರ. ಆ ಪ್ರಸಂಗವು ಅರಸನ ಅಪ್ಪಣೆಯಿಂದಲೇ ಅಚ್ಚಾಯಿತು.

ಅರಸನಿಗೆ ಇದು ಪ್ರಿಯವಾದುದಕ್ಕೆ ಕಾರಣವಿತ್ತು. 1688ರ ಕ್ರಾಂತಿಯಲ್ಲಿ ಎರಡನೆಯ ಜೇಮ್ಸ್ ಸಿಂಹಾಸನ ಕಳೆದುಕೊಂಡಾಗ, ಅವನಿಗಿತ್ತ ಪ್ರಮಾಣವನ್ನು ಮೀರಲೊಲ್ಲದ ಆರ್ಚ್‌ಬಿಷಪ್ ವಿಲಿಯಂ ಸ್ಯಾಂಕ್ರಾಫ್ಟರೂ ಸುಮಾರು 400 ಮಂದಿ ಬೋಧಕರೂ ಸ್ಥಾನಭ್ರಷ್ಟರಾದರು. ನಿಜವಾದ ಸಭೆ ತಮ್ಮಲ್ಲಿಯೇ ಉಳಿದಿದೆ, ಹೊಸ ಅರಸರನ್ನು ಒಪ್ಪಿದವರು ಸಭೆಯನ್ನು ಒಡೆದವರು ಎಂಬುದು ಇವರ ವಾದ. 1714ರಲ್ಲಿ ಹ್ಯಾನೋವರಿನ ಲೂಥರನ್ ಅರಸು ಜಾರ್ಜ್ ಪಟ್ಟಕ್ಕೆ ಬಂದನು; ಮರುವರ್ಷವೇ ಜೇಮ್ಸನ ಮಗನ ಪರವಾಗಿ ದಂಗೆಯೆದ್ದಿತು. ದೇವರ ಕೃಪೆಯು ಬಿಷಪರ ಪರಂಪರೆಯನ್ನು ಅವಲಂಬಿಸಿಲ್ಲವೆಂದರೆ ಪ್ರಮಾಣ ನಿರಾಕರಿಸಿದವರ ಎಚ್ಚರಿಕೆಗೆ ಬಲವಿರದು. ಹೋಡ್ಲಿಯವರ ಬೋಧನೆಯು ಹೀಗೆ ಸಿಂಹಾಸನಕ್ಕೆ ಆಸರೆಯಾಯಿತು.

ಕ್ಯಾಂಟರ್ಬರಿ ಪ್ರಾಂತದ ಧರ್ಮಸಭೆಯಾದ ಕಾನ್ವೊಕೇಷನ್‌ನಲ್ಲಿ, ಬೋಧಕರ ಕೆಳಮನೆಯು ಈ ಪ್ರಸಂಗವನ್ನು ಖಂಡಿಸಲು ಮುಂದಾಯಿತು. ಬಿಷಪರ ಮೇಲ್ಮನೆಯು ವಿಷಯವನ್ನು ಕೈಗೆತ್ತಿಕೊಳ್ಳುವ ಮೊದಲೇ ಅರಸನು ಅಧಿವೇಶನವನ್ನು ಮುಂದೂಡಿಸಿದನು. 1741-42ರ ಅಲ್ಪಕಾಲದ ಯತ್ನವೊಂದನ್ನು ಬಿಟ್ಟರೆ, ಆ ಧರ್ಮಸಭೆಯು 1852ರ ವರೆಗೆ ಕಾರ್ಯಕಲಾಪ ನಡೆಸಲಿಲ್ಲ. ಪ್ರಸಂಗವನ್ನು ವಿರೋಧಿಸಿ ಬರೆದ ಥಾಮಸ್ ಶೆರ್ಲಾಕ್, ಆಂಡ್ರೂ ಸ್ನೇಪ್ ಇಬ್ಬರೂ ಆಸ್ಥಾನಬೋಧಕರ ಪಟ್ಟಿಯಿಂದ ಹೊರಬಿದ್ದರು. ಹೋಡ್ಲಿಯವರಾದರೋ 1721ರಲ್ಲಿ ಹೆರೆಫರ್ಡಿಗೂ 1723ರಲ್ಲಿ ಸಾಲ್ಸ್‌ಬರಿಗೂ 1734ರಲ್ಲಿ ಸಿರಿವಂತ ವಿಂಚೆಸ್ಟರಿಗೂ ಬಡ್ತಿ ಪಡೆದರು. ಪ್ರಭುಗಳ ಸದನದಲ್ಲಿ 26 ಬಿಷಪರಿಗೆ ಮತವಿದ್ದ ಕಾಲವದು; ಬಡ ಧರ್ಮಪ್ರಾಂತದಿಂದ ಸಂಪನ್ನ ಪ್ರಾಂತಕ್ಕೆ ಏರುವ ಆಸೆಯನ್ನು ಮಂತ್ರಿಗಳು ಚೆನ್ನಾಗಿ ಬಳಸಿಕೊಂಡರು.

ಹೋಡ್ಲಿಯವರನ್ನು ಕೇವಲ ಅವಕಾಶವಾದಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ನಂಬಿಕೆಯ ನಿಮಿತ್ತ ಪೌರಹಕ್ಕುಗಳನ್ನು ಕಸಿಯಬಾರದೆಂದು ಅವರು ವಾದಿಸಿದರು. ಭಿನ್ನಮತೀಯರ ಶಾಲೆಗಳನ್ನು ಅಡಗಿಸುವ ಕಾಯಿದೆಯು 1719ರಲ್ಲಿ ರದ್ದಾದಾಗ ಅವರು ಅದರ ಪರವಾಗಿದ್ದರು. ಅವರ ವಿರೋಧಿಗಳಲ್ಲಿ ಅನೇಕರು ಸಭೆಯ ಅಧಿಕಾರವೆಂದಾಗ ದಂಡನೆಯ ಕಾಯಿದೆಗಳನ್ನೂ ಅದರೊಡನೆ ಬಯಸಿದವರು.

ಆದರೂ ಅತ್ಯಂತ ತೀಕ್ಷ್ಣವಾದ ಉತ್ತರವು ಬಂದುದು ಕಳೆದುಕೊಳ್ಳಲು ಇನ್ನೇನೂ ಉಳಿದಿರದ ಒಬ್ಬರಿಂದ. ಜಾರ್ಜನಿಗೆ ಪ್ರಮಾಣ ಮಾಡಲೊಪ್ಪದೆ ಕೇಂಬ್ರಿಜಿನ ಇಮ್ಯಾನುಯೆಲ್ ಕಾಲೇಜಿನ ಫೆಲೋ ಸ್ಥಾನವನ್ನು ತೊರೆಯಬೇಕಾದ ವಿಲಿಯಂ ಲಾ ಅವರು ಹೋಡ್ಲಿಯವರಿಗೆ ಮೂರು ಪತ್ರಗಳನ್ನು ಬರೆದರು. ಪ್ರಾಮಾಣಿಕತೆಯೊಂದೇ ಸಾಕಾದರೆ ಸಂಸ್ಕಾರಗಳಿಗೂ ಸೇವಕತ್ವಕ್ಕೂ ಅರ್ಥವೇನು ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಯ ಒಳಗೆ ಇನ್ನೊಂದು ಅಡಗಿದೆ. ಕ್ರಿಸ್ತನ ಅರಸುತನವನ್ನು ಎತ್ತಿಹಿಡಿದ ಪ್ರಸಂಗದ ಫಲವಾಗಿ ಬಿಷಪರ ಅಧಿಕಾರ ಕುಗ್ಗಿತು, ಸಭೆಯು ಒಟ್ಟಾಗಿ ಆಲೋಚಿಸುವ ಸ್ಥಳಕ್ಕೂ ಬೀಗ ಬಿದ್ದಿತು. ಅರಸನ ಅಧಿಕಾರ ಮಾತ್ರ ಕುಗ್ಗಲಿಲ್ಲ. ಪಿಲಾತನ ಎದುರಿನಲ್ಲಿ ಆಡಿದ ಮಾತು ಅರಮನೆಯಲ್ಲಿ ಕೇಳಿಬಂದಾಗ, ಅದು ಸಿಂಹಾಸನವನ್ನು ಪ್ರಶ್ನಿಸದೆ ಸಭೆಯನ್ನು ಮಾತ್ರ ಪ್ರಶ್ನಿಸಿತು. ಅದೇ ವಚನವನ್ನು ಬೋಧಿಸಲಿರುವ ನಾವು, ಅದರ ಅರ್ಥವನ್ನು ಅರಸುವಾಗ, ಅದನ್ನು ಯಾರ ಮುಂದೆ ನಿಂತು, ಯಾರ ಅನ್ನ ಉಂಡು ನುಡಿಯುತ್ತೇವೆಂಬುದನ್ನೂ ವಿವೇಚಿಸಬೇಕಾಗಿದೆ.