ಗದ್ದದ ಪಟ್ಟಿಗೆ ಗಣೇಶನ ಹೆಸರು

ಅಫಜಲಪುರ ತಾಲ್ಲೂಕಿನ ಮಣ್ಣೂರ ಭೀಮಾ ದಂಡೆಯ ಊರು. ಈ ಸೀಮೆಯ ರೈತರು ಎತ್ತಿನ ಕೊರಳಡಿ ಜೋಲುವ ತೊಗಲನ್ನು ಬಲ್ಲರು. ಕನ್ನಡದಲ್ಲಿ ಅದಕ್ಕೆ ಗಂಗೆದೊಗಲು ಎಂಬ ಚೆಂದದ ಹೆಸರಿದೆ. ಮನುಷ್ಯರ ಗದ್ದದ ಕೆಳಗಿನ ಮಡಿಕೆಯನ್ನು ಮಾತ್ರ ನಾವು ‘ಡಬಲ್ ಚಿನ್’ ಎನ್ನುತ್ತೇವೆ. ಹೆಸರಿನ ಬೆನ್ನಿಗೆ ಅದೊಂದು ಕುಂದು ಎಂಬ ಎಣಿಕೆಯೂ ಬಂದಿದೆ. ಆ ಎಣಿಕೆಗೆ ಒಂದು ಚರಿತ್ರೆಯಿದೆ.

1876–78ರ ಬರವನ್ನೂ 1972ರ ಬರವನ್ನೂ ಕಂಡ ನಾಡಿದು. ಹಸಿವು ಕಂಡವರ ಬಾಯಲ್ಲಿ ‘ಮೈಕೈ ತುಂಬಿಕೊಂಡಾಳ’ ಎಂದರೆ ಹೊಗಳಿಕೆ, ‘ಸೊರಗ್ಯಾಳ’ ಎಂದರೆ ಕಳವಳ. ಗದ್ದದಡಿಯ ಕೊಬ್ಬು ಇಲ್ಲಿ ಉಂಡುಟ್ಟು ಸುಖವಾಗಿರುವುದರ ಗುರುತಾಗಿತ್ತು.

ಅದನ್ನು ಇಳಿಸುವ ವ್ಯಾಪಾರ ಬೆಳೆದದ್ದು ಲಂಡನ್, ನ್ಯೂಯಾರ್ಕ್‌ಗಳಲ್ಲಿ. 20ನೇ ಶತಮಾನದ ಆರಂಭದಲ್ಲಿ ಎಲಿನರ್ ಆಡೇರ್ ಎಂಬ ಸೌಂದರ್ಯ ವ್ಯಾಪಾರಿ ಗದ್ದವನ್ನು ಎತ್ತಿ ಕಟ್ಟುವ ಪಟ್ಟಿಯೊಂದನ್ನು ಮಾರುತ್ತಿದ್ದರು. ಅದರ ಹೆಸರು ‘ಗಣೇಶ್’ ಪಟ್ಟಿ! ಪೂರ್ವದೇಶದ ಗುಟ್ಟು ಎಂದರೆ ಗಿರಾಕಿಗಳು ಬರುತ್ತಿದ್ದ ಕಾಲವದು. ಡೊಳ್ಳುಹೊಟ್ಟೆಯೇ ಲಕ್ಷಣವಾದ ಲಂಬೋದರನ ಹೆಸರಿನಲ್ಲಿ ಕೊಬ್ಬು ಕರಗಿಸುವ ಸರಕು ಮಾರಾಟವಾಯಿತು. ಮುಂದೆ ಎಲಿಜಬೆತ್ ಆರ್ಡನ್ ಎಂದು ಹೆಸರಾದ ಉದ್ಯಮಿ ಆಡೇರ್ ಅವರ ನ್ಯೂಯಾರ್ಕ್ ಮಳಿಗೆಯಲ್ಲೇ ಕೆಲಸ ಮಾಡಿದ್ದರು.

ಪಟ್ಟಿ ಬಿಗಿದರೆ ಕೊಬ್ಬು ಕರಗುವುದಿಲ್ಲ. ನಿಜವಾದ ದಾರಿ ಸಿಕ್ಕಿದ್ದು ಬೇರೆಡೆ. ಐಸ್‌ಕ್ಯಾಂಡಿ ಚೀಪಿದ ಮಗುವಿನ ಕೆನ್ನೆಯ ಕೊಬ್ಬು ಗಂಟುಕಟ್ಟಿದ್ದನ್ನು 1970ರಲ್ಲಿ ವೈದ್ಯರು ವರದಿ ಮಾಡಿದರು. ಚರ್ಮಕ್ಕಿಂತ ಮೊದಲು ಕೊಬ್ಬಿನ ಕೋಶಕ್ಕೆ ಚಳಿ ತಾಗುತ್ತದೆ ಎಂಬ ಈ ಸುಳಿವಿನಿಂದ ಕೊಬ್ಬನ್ನು ತಣಿಸಿ ಕೊಲ್ಲುವ ವಿಧಾನ ಹುಟ್ಟಿತು. 2008ರಲ್ಲಿ ಮ್ಯಾನ್‌ಸ್ಟೀನ್, ಆ್ಯಂಡರ್ಸನ್ ಮತ್ತು ಸಂಗಡಿಗರು ಹಂದಿಗಳ ಮೇಲಿನ ಪ್ರಯೋಗವನ್ನು ಪ್ರಕಟಿಸಿದರು. ಇನ್ನೊಂದು ದಾರಿ ಚುಚ್ಚುಮದ್ದು. ಕೊಬ್ಬು ಅರಗಿಸಲು ನೆರವಾಗುವ ಪಿತ್ತರಸದಲ್ಲೇ ಇರುವ ಡಿಯೋಕ್ಸಿಕೋಲಿಕ್ ಆಮ್ಲವನ್ನು ಗದ್ದದಡಿ ಚುಚ್ಚಿದರೆ ಕೊಬ್ಬಿನ ಕೋಶದ ಪೊರೆ ಒಡೆಯುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರ ಏಪ್ರಿಲ್‌ನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು.

ಒಪ್ಪಿಗೆಗೆ ಪ್ರಯೋಗ ಬೇಕು, ಪ್ರಯೋಗಕ್ಕೆ ಅಳತೆ ಬೇಕು. ಹಾಗಾಗಿ ಗದ್ದದ ಕೊಬ್ಬಿಗೆ 0ರಿಂದ 4ರವರೆಗೆ ಅಂಕ ಕೊಡುವ ಕೋಷ್ಟಕ ತಯಾರಾಯಿತು. ಅಜ್ಜಿಯ ಮುಖದ ಸುಖಕ್ಕೆ ಮೊಮ್ಮಗಳ ಕಾಲದಲ್ಲಿ ದರ್ಜೆ ಬಿತ್ತು.

ಕತ್ತರಿ ಬೇಡವೆಂದರೆ ಅಪಾಯವೂ ಇಲ್ಲವೆಂದಲ್ಲ. ಚುಚ್ಚುಮದ್ದಿನಿಂದ ಬಾವು ಬರಬಹುದು, ದವಡೆಯ ನರಕ್ಕೆ ಪೆಟ್ಟಾಗಿ ನಗೆ ಸೊಟ್ಟಗಾಗಬಹುದು, ನುಂಗುವುದು ಕಷ್ಟವಾಗಬಹುದು. ತಣಿಸಿದ ಜಾಗದಲ್ಲಿ ಅಪರೂಪಕ್ಕೆ ಕೊಬ್ಬು ಕರಗುವ ಬದಲು ಬೆಳೆಯುವುದೂ ಉಂಟು. ತಮಗೆ ಹೀಗಾಯಿತೆಂದು ರೂಪದರ್ಶಿ ಲಿಂಡಾ ಇವಾಂಜೆಲಿಸ್ಟಾ 2021ರಲ್ಲಿ ಬಹಿರಂಗವಾಗಿ ಹೇಳಿದರು.

ಕೊರಳಿನ ಎಲ್ಲ ಉಬ್ಬೂ ಒಂದೇ ಅಲ್ಲ. ಗಳಗಂಡದ ಬಾವು ಕಾಯಿಲೆ, ಅದನ್ನು ವೈದ್ಯರಿಗೆ ತೋರಿಸಲೇಬೇಕು. ಗದ್ದದಡಿಯ ಮಡಿಕೆ ವಯಸ್ಸಿನಿಂದ, ತೂಕದಿಂದ, ವಂಶದಿಂದಲೂ ಬರುತ್ತದೆ. ಬೇಕೆಂದವರು ಅದನ್ನು ಇಳಿಸಿಕೊಳ್ಳಲಿ. ಆದರೆ ಮಣ್ಣೂರಿನ ಹುಡುಗಿಯೊಬ್ಬಳು ಮೊಬೈಲಿನ ಜಾಹೀರಾತು ನೋಡಿ ಗದ್ದ ಮುಟ್ಟಿಕೊಂಡಾಗ, ಅವಳು ತನ್ನನ್ನು ಅಳೆಯುತ್ತಿರುವುದು ತನ್ನ ಊರಿನ ಅಳತೆಗೋಲಿನಿಂದಲ್ಲ. ಆ ಕೋಲನ್ನು ಮೊದಲು ಮಾಡಿದವರು ಪಟ್ಟಿ ಮಾರುವವರು.