ಟ್ರಕ್ವೇರ್ ಹೌಸ್: ಬಾಗಿಲು ಮುಚ್ಚಿ ಕಾದ ಮನೆ

ಎಡಿನ್‌ಬರೋ ನೋಡಲು ಹೋಗುವವರು ಇನ್ನೊಂದು ದಿನ ಉಳಿಸಿಕೊಂಡು ಟ್ರಕ್ವೇರ್ ಹೌಸ್‌ಗೂ ಹೋಗಿಬನ್ನಿ ಎಂದು ನಾವು ಹೇಳುತ್ತೇವೆ. ನಗರದಿಂದ ದಕ್ಷಿಣಕ್ಕೆ ಸುಮಾರು 48 ಕಿ.ಮೀ. ದೂರದ ಇನ್ನರ್‌ಲೀಥನ್ ಬಳಿ ಇರುವ ಇದು, ಸ್ಕಾಟ್ಲೆಂಡಿನಲ್ಲಿ ಇಂದಿಗೂ ಜನ ವಾಸಿಸುತ್ತಿರುವ ಅತಿ ಹಳೆಯ ಮನೆಯೆಂದು ಪ್ರಸಿದ್ಧ. ಮೊದಲು ರಾಜರ ಬೇಟೆಯ ಬಿಡಾರವಾಗಿದ್ದ ಇದು 1491ರಲ್ಲಿ ಸ್ಟುವರ್ಟ್ ಮನೆತನಕ್ಕೆ ಸೇರಿತು. ಈಗಲೂ ಅವರ ವಂಶಸ್ಥರದೇ.

ಕ್ಯಾಥೊಲಿಕ್ ಪೂಜೆಗೆ ನಿಷೇಧವಿದ್ದ ಕಾಲದಲ್ಲೂ ಈ ಮನೆತನ ತನ್ನ ಮತ ಬಿಡಲಿಲ್ಲ. ಮೇಲಂತಸ್ತಿನ ಕೋಣೆಯಿಂದ ಪಾದ್ರಿಗಳು ತಪ್ಪಿಸಿಕೊಳ್ಳಲು ಮಾಡಿದ್ದ ಗುಪ್ತ ಮೆಟ್ಟಿಲು ಇನ್ನೂ ಇದೆ. ಸಿಂಹಾಸನ ಕಳೆದುಕೊಂಡ ಸ್ಟುವರ್ಟ್ ರಾಜವಂಶದ ಪರ ನಿಂತು ಕಷ್ಟನಷ್ಟವನ್ನೂ ಅನುಭವಿಸಿದರು. 1745ರಲ್ಲಿ ರಾಜಕುಮಾರ ಚಾರ್ಲ್ಸ್ ಬಂದು ಹೋದಮೇಲೆ, ಕರಡಿ ವಿಗ್ರಹಗಳಿರುವ ಹೆಬ್ಬಾಗಿಲನ್ನು ಮುಚ್ಚಿ, ಸ್ಟುವರ್ಟ್ ದೊರೆ ಪಟ್ಟಕ್ಕೆ ಬರುವವರೆಗೆ ತೆರೆಯುವುದಿಲ್ಲವೆಂದು ಮಾತು ಕೊಟ್ಟರಂತೆ. ಆ ದೊರೆ ಬರಲಿಲ್ಲ, ಬಾಗಿಲೂ ತೆರೆಯಲಿಲ್ಲ. ನಾವೆಲ್ಲ ಪಕ್ಕದ ದಾರಿಯಿಂದಲೇ ಒಳಗೆ ಹೋಗಬೇಕು!

ರಾಣಿ ಮೇರಿ 1566ರಲ್ಲಿ ಇಲ್ಲಿಗೆ ಬಂದಿದ್ದಳು. ಆಕೆಯ ಮಗ ಜೇಮ್ಸನದೆನ್ನುವ ತೊಟ್ಟಿಲು, 1965ರಲ್ಲಿ ಮತ್ತೆ ಶುರುವಾದ ಹಳೆಯ ಬಿಯರ್ ಭಟ್ಟಿ, ಮಕ್ಕಳಿಗೆ ಇಷ್ಟವಾಗುವ ಗಿಡಗಳ ಚಕ್ರವ್ಯೂಹ ಎಲ್ಲವನ್ನೂ ನೋಡಬಹುದು. ಮನೆ ವರ್ಷವಿಡೀ ತೆರೆದಿರುವುದಿಲ್ಲ, ವೇಳೆ ವಿಚಾರಿಸಿಕೊಂಡೇ ಹೊರಡಿ.